ಅಯಸ್ಕಾಂತ ಕೈಬಿಡುವ ಘಳಿಗೆ

ಕಾರ್ಬನ್ ಉಕ್ಕಿಗೆ ಹಾರ್ಡನಿಂಗ್ (ಕಾಯಿಸಿ ತಟ್ಟನೆ ತಣಿಸಿ ಗಟ್ಟಿಗೊಳಿಸುವ ಕೆಲಸ) ಮಾಡುವವರ ಹಳೆಯ ಪರೀಕ್ಷೆಯೊಂದಿದೆ. ಕುಲುಮೆಯಲ್ಲಿ ಕೆಂಪಗೆ ಕಾದ ತುಂಡಿಗೆ ಅಯಸ್ಕಾಂತ ತಾಗಿಸುತ್ತಾರೆ. ಅಂಟಿಕೊಂಡರೆ ಕಾವು ಸಾಲದು. ಅಂಟದಿದ್ದರೆ ಇನ್ನೊಂದಿಷ್ಟು ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಬಹುದು. 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಹರಿಹರದಲ್ಲಿ ಹಾರ್ಡನಿಂಗ್ ಎಂದರೇನೆಂದು ಯಾರಿಗೂ ವಿವರಿಸಬೇಕಿಲ್ಲ. ಆದರೆ ಈ ಪರೀಕ್ಷೆಯಲ್ಲಿ ಅಡಗಿರುವ ವಿಚಿತ್ರವನ್ನು ಗಮನಿಸಬೇಕು. ನಮಗೆ ಬೇಕಿರುವುದು ಉಕ್ಕಿನೊಳಗೆ ಪರಮಾಣುಗಳ ಜೋಡಣೆ ಬದಲಾಯಿತೇ ಎಂಬ ಸುದ್ದಿ. ಅದನ್ನು ಹೇಳುತ್ತಿರುವುದು ಕಾಂತತ್ವ. ಅಪ್ಪಟ ಕಬ್ಬಿಣದಲ್ಲಿ ಇವೆರಡಕ್ಕೂ ಸಂಬಂಧವಿಲ್ಲವೆನ್ನುವಷ್ಟು ಅಂತರವಿದೆ: ಕಾಂತತ್ವ 770 ಡಿಗ್ರಿ ಸೆಲ್ಸಿಯಸ್ಸಿಗೆ ಹೋಗುತ್ತದೆ, ಹರಳಿನ ಜೋಡಣೆ ಬದಲಾಗುವುದು 912ಕ್ಕೆ. ಶೇ. 0.8ರಷ್ಟು ಇಂಗಾಲ ಬೆರೆತರೆ 727 ಡಿಗ್ರಿಯಲ್ಲಿ ಎರಡೂ ಒಟ್ಟಿಗೇ ನಡೆದುಬಿಡುತ್ತವೆ. ಬೆರಕೆಯ ಪ್ರಮಾಣ ಬದಲಿಸಿ ಎರಡು ಮಾರ್ಪಾಡುಗಳನ್ನು ಹತ್ತಿರ ತರಬಹುದು ಎಂಬುದೇ ಇಲ್ಲಿನ ಪಾಠ. ಕಾಂತೀಯ ರೂಪಸ್ಮೃತಿ ಲೋಹಗಳೆಂದು ಇಂದು ಪ್ರಯೋಗಾಲಯಗಳಲ್ಲಿ ಹೆಸರು ಮಾಡಿರುವ ವಸ್ತುಗಳ ಗುಟ್ಟೂ ಇದೇ ಎಂಬುದು ನನ್ನ ವಾದ. ಅವು ನೆನಪಿನ ಲೋಹಕ್ಕೆ, ಅಂದರೆ ಬಗ್ಗಿಸಿದರೂ ಕಾಯಿಸಿದಾಗ ಹಳೆಯ ಆಕಾರಕ್ಕೆ ಮರಳುವ ಲೋಹಕ್ಕೆ, ಅಯಸ್ಕಾಂತವನ್ನು ಬೆಸುಗೆ ಹಾಕಿದಂಥವಲ್ಲ.

ಉಕ್ಕಿಗೆ ನೆನಪೆಲ್ಲಿದೆ, ಬಗ್ಗಿಸಿದ ಉಳಿ ಕಾಯಿಸಿದರೆ ನೆಟ್ಟಗಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಆಕ್ಷೇಪ ನ್ಯಾಯವಾದದ್ದೇ. ಕಾದ ಉಕ್ಕು ತಟ್ಟನೆ ತಣಿದಾಗ ಹುಟ್ಟುವ ಗಟ್ಟಿ ರೂಪಕ್ಕೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ. ಆ ಬದಲಾವಣೆಯಲ್ಲಿ ಉಕ್ಕಿನ ಗಾತ್ರ ಶೇ. 4ರ ಆಸುಪಾಸು ಉಬ್ಬುತ್ತದೆ. ಆ ಒತ್ತಡಕ್ಕೆ ಪರಮಾಣುಗಳ ಸಾಲುಗಳು ಜಾರಿ, ಹಿಂದಿನ ಜಾಗಕ್ಕೆ ಮರಳುವ ದಾರಿ ಕೆಟ್ಟುಹೋಗುತ್ತದೆ. ಕಾಂತೀಯ ರೂಪಸ್ಮೃತಿ ಲೋಹಗಳಲ್ಲೊಂದಾದ, ನಿಕ್ಕಲ್, ಮ್ಯಾಂಗನೀಸ್, ಗ್ಯಾಲಿಯಂ ಸೇರಿದ ಮಿಶ್ರಲೋಹದಲ್ಲಿ ಹಾಗಲ್ಲ. ತಣಿದಾಗ ಅದರ ಘನಾಕಾರದ ಹರಳು ಒಂದು ಕಡೆಗೆ ಶೇ. 4ರಷ್ಟು ಕುಗ್ಗಿ, ಉಳಿದೆರಡು ಕಡೆಗೆ ತುಸು ಹಿಗ್ಗುತ್ತದೆ. ಒಟ್ಟು ಗಾತ್ರ ಹೆಚ್ಚುಕಡಿಮೆ ಇದ್ದಷ್ಟೇ. ಯಾವ ಕಡೆ ಕುಗ್ಗಬೇಕೆಂಬುದು ಹರಳಿನ ಒಂದೊಂದು ಪಟ್ಟಿಯಲ್ಲಿ ಒಂದೊಂದು ಬಗೆ. ಒತ್ತಿದರೆ ಪಟ್ಟಿಗಳ ಗಡಿ ಸರಿಯುತ್ತದೆಯೇ ಹೊರತು ಸಾಲು ಮುರಿಯುವುದಿಲ್ಲ. ಕಾಯಿಸಿದರೆ ಎಲ್ಲವೂ ಮೊದಲಿನ ಘನಾಕಾರಕ್ಕೆ ಬರುತ್ತವೆ. ನೆನಪು ಎಂದರೆ ಇಷ್ಟೇ.

ಈ ಲೋಹದ ಕುಲವೂ ಕುತೂಹಲದ್ದೇ. ತಾಮ್ರ, ಮ್ಯಾಂಗನೀಸ್, ಅಲ್ಯುಮಿನಿಯಂ ಯಾವುದೂ ಒಂಟಿಯಾಗಿ ಅಯಸ್ಕಾಂತಕ್ಕೆ ಅಂಟದಿದ್ದರೂ ಮೂರೂ ಕೂಡಿದರೆ ಅಂಟುತ್ತವೆ ಎಂದು 1903ರಲ್ಲಿ ತೋರಿಸಿದ ಫ್ರೀಡ್ರಿಕ್ ಹೊಯ್ಸ್ಲರ್ ಹೆಸರು ಈ ಕುಲಕ್ಕಿದೆ. ನಿಕ್ಕಲ್–ಮ್ಯಾಂಗನೀಸ್–ಗ್ಯಾಲಿಯಂ ಹರಳಿನಲ್ಲಿ ಕುಗ್ಗಿದ ದಿಕ್ಕೇ ಕಾಂತತ್ವಕ್ಕೆ ಒಗ್ಗುವ ದಿಕ್ಕು. ಆದ್ದರಿಂದ ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟರೆ ಅದಕ್ಕೆ ಅನುಕೂಲವಾಗಿರುವ ಪಟ್ಟಿಗಳು ಬೆಳೆದು ನೆರೆಯವನ್ನು ನುಂಗುತ್ತವೆ, ಲೋಹದ ಆಕಾರ ಬದಲಾಗುತ್ತದೆ. 1996ರಲ್ಲಿ ಸಂಶೋಧಕ ಉಲ್ಲಾಕೊ ಮತ್ತು ಸಂಗಡಿಗರು ಕಂಡದ್ದು ಶೇ. 0.2ರ ಬದಲಾವಣೆ ಮಾತ್ರ. ಕೆಲವೇ ವರ್ಷಗಳಲ್ಲಿ ಅದು ಶೇ. 6 ದಾಟಿತು: 10 ಸೆಂಟಿಮೀಟರ್ ಕಡ್ಡಿಗೆ 6 ಮಿಲಿಮೀಟರ್, ಅದೂ ಒಂದು ಟೆಸ್ಲಾಗಿಂತ ಕಡಿಮೆ ಕ್ಷೇತ್ರದಲ್ಲಿ. ಕಾಯಿಸಿ ತಣಿಸಿ ಕೆಲಸ ತೆಗೆಯುವ ನಿಕ್ಕಲ್–ಟೈಟಾನಿಯಂ ತಂತಿ ಪ್ರತಿ ಸಲವೂ ತಣಿಯುವವರೆಗೆ ನಮ್ಮನ್ನು ಕಾಯುವಂತೆ ಮಾಡುತ್ತದೆ. ಈ ಕಾಂತೀಯ ಲೋಹ ಸೆಕೆಂಡಿಗೆ ನೂರಾರು ಬಾರಿ ಕುಣಿಯಬಲ್ಲದು.

ನೆನಪು, ಕಾಂತತ್ವ ಎರಡೂ ಒಂದಾದ ಇಲ್ಲಿ ಹರಿಹರದ ದೇಗುಲದ ಹರಿಹರೇಶ್ವರನನ್ನು ಉಪಮೆಗೆ ಎಳೆತರುವ ಆಸೆಯಾಗುತ್ತದೆ. ಆದರೆ ಆ ಮೂರ್ತಿಯಲ್ಲಿ ಹರಿ ಒಂದು ಪಕ್ಕ, ಹರ ಇನ್ನೊಂದು ಪಕ್ಕ. ನಡುವೆ ಗೆರೆ ಎಳೆದು ತೋರಿಸಬಹುದು. ಲೋಹದಲ್ಲಿ ಹಾಗೆ ಪಾಲು ಮಾಡಲಾಗದು, ಮತ್ತು ಕಷ್ಟವಿರುವುದೂ ಅಲ್ಲೇ. ಎರಡು ಪಾಲು ನಿಕ್ಕಲ್, ಒಂದೊಂದು ಪಾಲು ಮ್ಯಾಂಗನೀಸ್, ಗ್ಯಾಲಿಯಂ ಇರುವ ಲೋಹ ಕಾಂತತ್ವ ಕಳೆದುಕೊಳ್ಳುವುದು ಸುಮಾರು 103 ಡಿಗ್ರಿಗೆ. ಹರಳು ಬದಲಾಗುವುದು ಸೊನ್ನೆಗಿಂತ 71 ಡಿಗ್ರಿ ಕೆಳಗೆ. ಅಂದರೆ ಅದು ಕಾಂತೀಯವಾಗಿಯೇ ಇರುತ್ತದೆ, ಆದರೆ ದಾವಣಗೆರೆಯ ಚಳಿಗಾಲದಲ್ಲೂ ಘನಾಕಾರದಲ್ಲೇ ಉಳಿದು ಪಟ್ಟಿ ಸರಿಸುವ ಕೆಲಸಕ್ಕೆ ಬಾರದು. ಮ್ಯಾಂಗನೀಸ್ ಸ್ವಲ್ಪ ತೆಗೆದು ನಿಕ್ಕಲ್ ಹೆಚ್ಚಿಸಿದರೆ ಹರಳು ಬದಲಾಗುವ ತಾಪ ಏರುತ್ತದೆ. ಜೊತೆಗೇ ಕಾಂತತ್ವ ಕಳೆಯುವ ತಾಪ ಇಳಿಯುತ್ತದೆ. ನಿಕ್ಕಲ್ಲಿನ ಎರಡು ಪಾಲು ಸುಮಾರು 2.2 ಆಗುವಷ್ಟರಲ್ಲಿ ಅವೆರಡೂ ಕೂಡಿಕೊಳ್ಳುತ್ತವೆ. ಉಕ್ಕಿನಲ್ಲಿ ಇಂಗಾಲ ಮಾಡಿದ ಕೆಲಸವನ್ನು ಇಲ್ಲಿ ನಿಕ್ಕಲ್ ಮಾಡುತ್ತದೆ. ಪಟ್ಟಿ ಸರಿಸುವ ಕೆಲಸಕ್ಕಾದರೆ ಅವು ಕೂಡುವ ಮೊದಲೇ ನಿಲ್ಲಬೇಕು; ಕೂಡಿದ ಜಾಗದಲ್ಲಿ ಕಾಂತಕ್ಷೇತ್ರದಿಂದ ಬಿಸಿ–ತಂಪು ಹುಟ್ಟುವ ಗುಣ ಹೆಚ್ಚುವುದರಿಂದ ಗ್ಯಾಸಿಲ್ಲದ ಫ್ರಿಜ್ಜಿನ ಕನಸು ಕಾಣುವವರು ಅಲ್ಲಿಗೇ ಹೋಗುತ್ತಾರೆ.

ಇಷ್ಟೆಲ್ಲ ಇದ್ದೂ ಈ ಲೋಹ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ? ಒಂದು, ಗ್ಯಾಲಿಯಂ ದುಬಾರಿ. ಎರಡು, ಒಂದೇ ಹರಳಾಗಿ ಬೆಳೆಸಿದರೆ ಮಾತ್ರ ಪೂರ್ತಿ ಫಲ. ಎರಕ ಹೊಯ್ದರೆ ಕಣಗಳು ಒಂದಕ್ಕೊಂದು ಅಡ್ಡ ನಿಲ್ಲುತ್ತವೆ, ಲೋಹವೂ ಪಟ್ಟನೆ ಬಿರುಕು ಬಿಡುತ್ತದೆ. ಅದಕ್ಕಿಂತ ದೊಡ್ಡ ದೋಷ ಬಲ ಕಡಿಮೆ ಎಂಬುದು: ಚದರ ಮಿಲಿಮೀಟರಿಗೆ ಎರಡು ಮೂರು ನ್ಯೂಟನ್ ಒತ್ತಿದರೆ ಸಾಕು, ಕಾಂತಕ್ಷೇತ್ರ ಸೋಲುತ್ತದೆ. ಭಾರ ಎತ್ತುವವರಿಗೆ ಇದು ಬೇಡ ಎನ್ನುವುದನ್ನು ಒಪ್ಪುತ್ತೇನೆ. ಸಣ್ಣ ಕವಾಟ, ಸೂಕ್ಷ್ಮ ಪಂಪು, ಕಂಪನ ಅಳೆಯುವ ಸಾಧನಗಳಿಗೆ ವೇಗ ಮುಖ್ಯ, ಬಲವಲ್ಲ. ಬಲವೇ ಬೇಕೆನ್ನುವವರಿಗೆ 2006ರಲ್ಲಿ ಜಪಾನಿನ ಕೈನುಮಾ ತಂಡ ಬೇರೆ ದಾರಿ ತೋರಿಸಿತು. ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್, ಇಂಡಿಯಂ ಬೆರಕೆಯಲ್ಲಿ ಕ್ಷೇತ್ರವು ಪಟ್ಟಿ ಸರಿಸುವುದಲ್ಲ, ಹರಳನ್ನೇ ಹಳೆಯ ರೂಪಕ್ಕೆ ತಿರುಗಿಸುತ್ತದೆ. ಬಲ ಹಲವು ಪಟ್ಟು ಹೆಚ್ಚು. ಅದಕ್ಕೆ ಬೇಕಾಗುವುದು ಹಲವು ಟೆಸ್ಲಾಗಳ ಕ್ಷೇತ್ರ, ಸಾಮಾನ್ಯ ಸುರುಳಿಗೆ ಎಟುಕದಷ್ಟು. ತಣಿಯುವಾಗ ಹರಳು ಬದಲಾಗುವ ತಾಪಕ್ಕೂ ಕಾಯುವಾಗ ಅದು ಮರಳುವ ತಾಪಕ್ಕೂ ನಡುವಿನ ಅಂತರ ಕಿರಿದಾದಷ್ಟೂ ಬೇಕಾಗುವ ಕ್ಷೇತ್ರವೂ ಇಳಿಯುತ್ತದೆ. ಬೆರಕೆಯ ಹಲವು ಪ್ರಯೋಗಗಳ ಶ್ರಮ ಆ ಕೆಲವು ಡಿಗ್ರಿಗಳಿಗಾಗಿ.