ಸಾರು ಸೋಕದ ಕಾಗದ

ನಿನ್ನೆಯ ದಿನಪತ್ರಿಕೆ ಗುಜರಿ ಅಂಗಡಿಯವನಿಗೆ ಸರಕು. ಅದರ ಮೇಲೆ ಒಂದು ಸೌಟು ಸಾರು ಚೆಲ್ಲಿತೋ, ಅದು ಕಸ. ಕಾಗದ ಅದೇ, ಅಚ್ಚು ಅದೇ. ಹೊಸದಾಗಿ ಸೇರಿದ್ದು ಒಗ್ಗರಣೆಯ ಎಣ್ಣೆ. ಹಳೆಯ ಕಾಗದವನ್ನು ಗಿರಣಿಯಲ್ಲಿ ನೀರಿಗೆ ಹಾಕಿ ಕಲಸಿ ಅಂಬಲಿಯ ಹದಕ್ಕೆ ತರುತ್ತಾರೆ. ಬಿಡಿಬಿಡಿಯಾದ ನಾರುಗಳು ಒಣಗುವಾಗ ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡು ಮತ್ತೆ ಹಾಳೆಯಾಗಬೇಕು. ನಡುವೆ ಎಣ್ಣೆ ಕೂತರೆ ಆ ಹಿಡಿತ ಸಡಿಲ. ಬೆರೆಸಲು ಒಂದು ಕ್ಷಣ ಸಾಕು, ಬೇರ್ಪಡಿಸಲು ಕಾರ್ಖಾನೆಯೇ ಬೇಕು.

ಬೆಂಗಳೂರು ಇದನ್ನು ಪೆಟ್ಟು ತಿಂದು ಕಲಿಯಿತು. ಊರಿನ ಕಸವೆಲ್ಲ ಒಟ್ಟಾಗಿ ಲಾರಿಯೇರಿ ಊರಾಚೆಯ ಹಳ್ಳಿಗಳಾದ ಮಾವಳ್ಳಿಪುರಕ್ಕೋ ಮಂಡೂರಿಗೋ ಹೋಗುತ್ತಿತ್ತು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ರಾಜಧಾನಿಯ ಬೀದಿಗಳಲ್ಲೇ ಗುಡ್ಡೆಗಳೆದ್ದವು. ಮಂಡೂರಿನವರು ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ಮರುವರ್ಷದ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ವಿಧಿಸಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಡೈಪರಿನಂಥ ತ್ಯಾಜ್ಯಕ್ಕೆ ಕೆಂಪು, ಒಣ ಕಸಕ್ಕೆ ಚೀಲ.

ಹಳ್ಳಿಯವರ ಸಿಟ್ಟಿಗೆ ಕಾರಣ ಬರೀ ನಾತವಲ್ಲ. ಪ್ಲಾಸ್ಟಿಕ್ಕಿನಡಿ ಹೂತುಹೋದ ಅನ್ನ, ತರಕಾರಿ ಸಿಪ್ಪೆಗೆ ಗಾಳಿ ಸಿಗುವುದಿಲ್ಲ. ಆಮ್ಲಜನಕವಿಲ್ಲದೆಡೆ ಬದುಕುವ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಮೀಥೇನ್ ಬಿಡುತ್ತವೆ. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ರಾಶಿಯಿಂದ ಜಿನುಗುವ ಕಪ್ಪು ರಸ ಬಾವಿಗಳ ದಾರಿ ಹುಡುಕುತ್ತದೆ.

ಅದೇ ಸಿಪ್ಪೆ ತಿಪ್ಪೆಯಲ್ಲಿದ್ದರೆ ಕಥೆಯೇ ಬೇರೆ. ನಮ್ಮ ರೈತರು ಸಗಣಿಯ ಜೊತೆ ಹುಲ್ಲು, ತರಗು ಹಾಕುತ್ತಿದ್ದುದರಲ್ಲಿ ಒಳ್ಳೆಯ ರಸಾಯನಶಾಸ್ತ್ರವಿದೆ. ಗೊಬ್ಬರ ಮಾಡುವ ಜೀವಾಣುಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಹಿತ. ಅಡುಗೆಮನೆಯ ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಒಣಗಿದ ಎಲೆ ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ಹೆಚ್ಚು. ಬಾಲ್ಕನಿಯ ಗೊಬ್ಬರದ ಡಬ್ಬಿ ನಾರುತ್ತಿದ್ದರೆ ಶಪಿಸಬೇಕಿಲ್ಲ, ಎರಡು ಹಿಡಿ ತರಗೆಲೆ ಸುರಿದು ಕೈಯಾಡಿಸಿದರಾಯಿತು. ದೊಡ್ಡ ರಾಶಿಯಾದರೆ ಒಳಗಿನ ಬಿಸಿ 55 ಡಿಗ್ರಿ ದಾಟಿ ರೋಗಾಣುಗಳೂ ಕಳೆಯ ಬೀಜಗಳೂ ಸಾಯುತ್ತವೆ.

ಒಣ ಕಸದ ಚೀಲವೂ ಒಂದೇ ಜಾತಿಯದಲ್ಲ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ನೀರಿನಲ್ಲಿ ಮುಳುಗುತ್ತದೆ, ಅದರ ಮುಚ್ಚಳದ ಪ್ಲಾಸ್ಟಿಕ್ ತೇಲುತ್ತದೆ. ಮರುಬಳಕೆ ಘಟಕಗಳು ಚೂರುಗಳನ್ನು ತೊಟ್ಟಿಗೆ ಸುರಿದು ಇಷ್ಟರಿಂದಲೇ ಇವನ್ನು ಬೇರೆಮಾಡುತ್ತವೆ. ಪಿವಿಸಿ ಮಾತ್ರ ಕಪಟಿ. ಪೆಟ್ ಜೊತೆಗೇ ಮುಳುಗಿ, ಕರಗಿಸುವ ಬಿಸಿಯಲ್ಲಿ ಆಮ್ಲ ಕಾರಿ ಇಡೀ ಪಾಕ ಕೆಡಿಸುತ್ತದೆ. ಚಿಪ್ಸ್ ಪೊಟ್ಟಣದಲ್ಲಿ ಪ್ಲಾಸ್ಟಿಕ್ಕೂ ಲೋಹದ ತೆಳುಲೇಪವೂ ಅಂಟಿಕೊಂಡಿರುವುದರಿಂದ ಅದನ್ನು ಗುಜರಿಯವನೂ ಮುಟ್ಟುವುದಿಲ್ಲ. ಕೊಳ್ಳದಿರುವುದೇ ಅದಕ್ಕಿರುವ ಮದ್ದು. ಈ ಭೇದಗಳನ್ನೆಲ್ಲ ಚಿಂದಿ ಆಯುವವರು ಪುಸ್ತಕವಿಲ್ಲದೆ ಬಲ್ಲರು, ಕೆಲವರು ಮುದುರಿದಾಗಿನ ಸದ್ದಿನಿಂದಲೇ. ಬೆಂಗಳೂರಿನ ಪಾಲಿಕೆ 2011ರಲ್ಲಿ ಇವರಿಗೆ ಗುರುತಿನ ಚೀಟಿ ಕೊಡಲು ಶುರುಮಾಡಿತು. ತಡವಾಯಿತೆನ್ನಬೇಕು.

ತಿಳಿದಿದ್ದೂ ಕೈ ಹಳೆಯ ಬುಟ್ಟಿಯತ್ತಲೇ ಹೋಗುತ್ತದಲ್ಲ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಅಭ್ಯಾಸ ಹೇಗೆ ಬೇರೂರುತ್ತದೆಂದು ತಿಳಿಯಲು 96 ಜನರನ್ನು ಗಮನಿಸಿದರು. ಊಟದ ಜೊತೆ ಹಣ್ಣು ತಿನ್ನುವಂಥ ಸಣ್ಣ ಕೆಲಸವೊಂದನ್ನು ದಿನವೂ ಒಂದೇ ಸಂದರ್ಭಕ್ಕೆ ಜೋಡಿಸಿದಾಗ, ಅದು ಯೋಚಿಸದೆ ನಡೆಯುವಂತಾಗಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ಕೆಲವರಿಗೆ 18 ಸಾಕಾದವು, ಕೆಲವರಿಗೆ 254ರವರೆಗೂ ಬೇಕೆಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಹಾಳಾಗಲಿಲ್ಲ.

ಕನ್ನಡದ ಮನೆಗಳಲ್ಲಿ ಅಂಥ ಸಂದರ್ಭವೆಂದರೆ ಬೆಳಗಿನ ಹಾಲು. ಒಲೆಯ ಮೇಲೆ ಅದು ಉಕ್ಕುವುದರೊಳಗೆ ಕವರನ್ನು ತೊಳೆದು ಕಿಟಕಿಯ ಸರಳಿಗೆ ಸಿಕ್ಕಿಸಬಹುದು. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡರಿಸದಿದ್ದರೆ ಇನ್ನೂ ಮೇಲು: ಉಗುರಿನಷ್ಟು ಆ ಚೂರು ಯಾರ ಕೈಗೂ, ಯಾವ ಜರಡಿಗೂ ಸಿಗದೆ ಮೋರಿ ಸೇರುತ್ತದೆ.