ಬರೆ ಕಾಯಲು ತೆಂಗಿನ ನಾರಿನ ಬಟ್ಟೆ

ತೋಡಿನ ಬದಿ ಜರಿಯುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. 30 ಮೀಟರ್ ಉದ್ದಕ್ಕೆ ಒಂದು ಸಾಲು ಹೋಯಿತೆಂದರೆ, 9 ಅಡಿ ಅಂತರದ ಲೆಕ್ಕದಲ್ಲಿ 11 ಅಡಿಕೆ ಮರ ನೀರುಪಾಲು. ಮರ ಪುನಃ ನೆಡಬಹುದು, ಮಣ್ಣು ತರುವುದು ಎಲ್ಲಿಂದ?

ಇದಕ್ಕೆ ಸಿಗುವ ಸಲಹೆ ಒಂದೇ. "ಕಲ್ಲು ಕಟ್ಟಿಸಿ, ಇಲ್ಲಾ ಕಾಂಕ್ರೀಟ್ ಹಾಕಿಸಿ." ಪಂಚಾಯತಿನ ಎಸ್ಟಿಮೇಟಿನಲ್ಲೂ ಅದೇ, ಮೇಸ್ತ್ರಿಯ ಬಾಯಲ್ಲೂ ಅದೇ. ಎತ್ತರದ ಗೋಡೆ ಬೇಕೇ ಬೇಕಾದ ಜಾಗಗಳು ಇವೆ, ಇಲ್ಲ ಎನ್ನುವುದಿಲ್ಲ. ಆದರೆ ಎಲ್ಲ ಬರೆಗೂ ಗೋಡೆ ಬೇಡ. ನನ್ನ ತೋಟದ ತೋಡಿನ ಬದಿಗೆ ತೆಂಗಿನ ನಾರಿನ ಜಾಲ ಹಾಸಿ ಮೂರು ಮಳೆಗಾಲ ಕಳೆಯಿತು. ಆ ಅನುಭವದ ಜತೆಗೆ ಕೇಳಿ, ಓದಿ ತಿಳಿದದ್ದನ್ನೂ ಸೇರಿಸಿ ಬರೆದಿದ್ದೇನೆ.

ಏನಿದು ಭೂವಸ್ತ್ರ?

ಮಣ್ಣಿನ ಜತೆ ಬಳಸುವ ಬಟ್ಟೆಗೆ ಇಂಜಿನಿಯರುಗಳು ಜಿಯೋಟೆಕ್ಸ್‌ಟೈಲ್ ಅಂತಾರೆ. ನಾರಿನದ್ದಕ್ಕೆ ಭಾರತೀಯ ಮಾನಕ ಬ್ಯೂರೋ ಇಟ್ಟ ಹೆಸರು ಚೆಂದ ಇದೆ, ಕಾಯರ್ ಭೂವಸ್ತ್ರ. ಮಣ್ಣನ್ನು ಹಿಡಿದು ನೀರನ್ನು ಬಿಡುವುದು, ಎರಡು ಪದರ ಒಂದಕ್ಕೊಂದು ಬೆರೆಯದಂತೆ ತಡೆಯುವುದು, ಮೆತ್ತಗಿನ ನೆಲಕ್ಕೆ ಬಲ ಕೊಡುವುದು ಇದರ ಕೆಲಸ. ಕೃಷಿಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಬೇರೆ. ಅದು ನೀರು ಬಿಡುವುದಿಲ್ಲ, ಇದು ಬಿಡುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಅಂಗಡಿಗೆ ಹೋಗಬೇಡಿ.

ವಿಷಯ ಹಳತೇ. 1926ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ರಸ್ತೆಗೆ ಹತ್ತಿಬಟ್ಟೆ ಹಾಸಿ ಪ್ರಯೋಗ ಮಾಡಿದ್ದರು. ಆಮೇಲೆ ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಬಂದು ಈ ರಂಗವನ್ನೇ ಆಳಿದವು. ಅವು ಕೊಳೆಯುವುದಿಲ್ಲ, ಗಟ್ಟಿ. ಆದರೆ ಪೆಟ್ರೋಲಿಯಂನಿಂದ ಬಂದ ಮಾಲು, ಮಣ್ಣಿನಲ್ಲೇ ಉಳಿಯುತ್ತದೆ. ನಾಳೆ ಅಗೆಯುವಾಗ ಹಾರೆಗೆ ಸುತ್ತಿಕೊಳ್ಳುವುದೂ ಅದೇ.

ತೆಂಗಿನ ನಾರು ಬೇಗ ಕೊಳೆಯದಿರಲು ಕಾರಣ ಅದರಲ್ಲಿರುವ ಲಿಗ್ನಿನ್. ಸೆಣಬಿಗಿಂತ ಇದರಲ್ಲಿ ಮೂರು ಪಟ್ಟಿಗೂ ಹೆಚ್ಚು. ಸೆಣಬು ಒಂದೆರಡು ವರ್ಷಕ್ಕೆ ಮಣ್ಣಾದರೆ ತೆಂಗಿನ ನಾರು ಮೂರರಿಂದ ಐದು ವರ್ಷ ಬಾಳುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಜಾಲ ಶಾಶ್ವತವಾಗಿ ಮಣ್ಣು ಹಿಡಿಯಬೇಕಾಗಿಲ್ಲ. ಬೇರು ಹಿಡಿಯುವ ತನಕ ಹಿಡಿದರೆ ಸಾಕು.

ಮಾನಕವೂ ಇದೆ, ಐಎಸ್ 15869. ಇದರಲ್ಲಿ ಚದರ ಮೀಟರಿಗೆ 400, 700 ಮತ್ತು 900 ಗ್ರಾಂ ತೂಗುವ ಮೂರು ದರ್ಜೆಗಳು. ಸಾಧಾರಣ ಇಳಿಜಾರಿಗೆ 400 ಸಾಕು. ಕಡಿದಾದ ಬರೆಗೆ, ನೀರು ಉಜ್ಜುವ ತೋಡಿನ ಬದಿಗೆ 700 ಅಥವಾ ಅದಕ್ಕಿಂತ ದಪ್ಪದ್ದು. ಕೊಳ್ಳುವಾಗ ಒಂದು ಮೀಟರ್ ತುಂಡು ತೂಗಿ ನೋಡಿ. ಕಣ್ಣಂದಾಜು ಬೇಡ.

ಹಾಸುವ ಕ್ರಮ

ಕೆಲಸ ಮೇ ತಿಂಗಳಿನಲ್ಲೇ ಮುಗಿಯಬೇಕು. ಮೊದಲ ನಾಲ್ಕು ಮಳೆಗೆ ಹುಲ್ಲು ಚಿಗುರಬೇಕು, ಜಡಿಮಳೆ ಬರುವಾಗ ಬೇರು ಬಿಟ್ಟಿರಬೇಕು.

1. ಬರೆಯನ್ನು ಓರೆಯಾಗಿ ಕೆತ್ತಿ. ನೆಟ್ಟಗೆ ನಿಂತ ಬರೆಗೆ ಜಾಲ ಹಾಸಿ ಪ್ರಯೋಜನವಿಲ್ಲ. ಒಂದು ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಹಿಂದಕ್ಕೆ ಹೋದರೆ ಉತ್ತಮ. ಸ್ವಲ್ಪ ಜಾಗ ಹೋಗುತ್ತದೆ, ಹೌದು. ಹೊಳೆಗೆ ಬಿಟ್ಟುಕೊಡುವುದಕ್ಕಿಂತ ಇದು ಕಮ್ಮಿ.

2. ಕಲ್ಲು, ಬೇರಿನ ಬುಡ ತೆಗೆದು ನುಣುಪು ಮಾಡಿ. ಜಾಲ ಮಣ್ಣಿಗೆ ಅಂಟಿಕೊಂಡೇ ಕೂರಬೇಕು. ನಡುವೆ ಟೊಳ್ಳು ಉಳಿದರೆ ನೀರು ಅಡಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ.

3. ಬರೆಯ ನೆತ್ತಿಯಲ್ಲಿ ಒಂದು ಅಡಿ ಅಗಲ, ಒಂದು ಅಡಿ ಆಳದ ಕಣಿ ತೆಗೆಯಿರಿ. ಜಾಲದ ತುದಿಯನ್ನು ಅದರಲ್ಲಿ ಹೂತು ಗೂಟ ಹೊಡೆದು ಮಣ್ಣು ತುಳಿಯಿರಿ.

4. ಸುರುಳಿಯನ್ನು ಮೇಲಿನಿಂದ ಕೆಳಕ್ಕೆ ಬಿಚ್ಚಿ. ಎಳೆದು ಬಿಗಿ ಮಾಡಬೇಡಿ. ಪಕ್ಕದ ಸುರುಳಿ ಒಂದು ಗೇಣು ಮೇಲೆ ಬರಲಿ.

5. ಮೀಟರಿಗೊಂದರಂತೆ ಗೂಟ. ಕಬ್ಬಿಣದ ಕೊಕ್ಕೆಯೂ ಆದೀತು. ನಾನು ಬಳಸಿದ್ದು ಬಿದಿರಿನ ಗೂಟ, ಒಂದೂವರೆ ಅಡಿಯದ್ದು.

6. ಹುಲ್ಲಿನ ಬೀಜವನ್ನು ಜಾಲ ಹಾಸುವ ಮೊದಲೇ ಎರಚಿ. ಲಾವಂಚದ ಬುಡವನ್ನು ಹಾಸಿದ ಮೇಲೆ ಜಾಲದ ಕಣ್ಣಿನಲ್ಲಿ ಊರಬಹುದು.

ಇನ್ನೊಂದು ಮುಖ್ಯ ಸಂಗತಿ, ಬರೆಯ ಬುಡ. ತೋಡಿನ ನೀರು ಮೊದಲು ತಿನ್ನುವುದು ಬುಡವನ್ನೇ. ಅಲ್ಲಿ ಬರೀ ನಾರು ನಿಲ್ಲುವುದಿಲ್ಲ. ಸಿಮೆಂಟಿಲ್ಲದೆ ಕಾಡುಕಲ್ಲು ಜೋಡಿಸಿ ಒಂದೆರಡು ಅಡಿ ಎತ್ತರದ ಕಟ್ಟೆ ಮಾಡಿ, ಜಾಲದ ಕೆಳತುದಿ ಕಲ್ಲಿನ ಅಡಿಗೆ ಹೋಗಲಿ. ಸಂದಿಯಿಂದ ಬರೆಯ ಒಳನೀರು ಇಳಿದುಹೋಗುತ್ತದೆ. ಹಿಂಬದಿಯ ನೀರಿಗೆ ದಾರಿ ಇಡದೆ ಕಟ್ಟಿದ ಸಿಮೆಂಟ್ ಗೋಡೆ ಹೊಟ್ಟೆ ಉಬ್ಬಿ ಬೀಳುವುದನ್ನು ನೀವೂ ನೋಡಿದ್ದೀರಿ.

ನಮ್ಮಲ್ಲಿ ಬಿಸಿಲು ಬೀಳುವ ಕಡೆ ಲಾವಂಚ ಮೊದಲ ವರ್ಷವೇ ಹಿಡಿಯಿತು. ಅಡಿಕೆಯ ನೆರಳಿನ ಕಡೆ ಅದು ಸೊರಗಿತು. ನೆರಳು ಅದಕ್ಕೆ ಆಗದು. ಅಲ್ಲಿ ಪಿಂಟೋ ಕಡಲೆ, ಅದೇ ಹಳದಿ ಹೂವಿನ ಹಬ್ಬುವ ಗಿಡ, ಚೆನ್ನಾಗಿ ಹೊದ್ದುಕೊಂಡಿದೆ. ಈಗ ಜಾಲ ಕೈಯಲ್ಲಿ ಎಳೆದರೆ ಪುಡಿಯಾಗುತ್ತದೆ. ಬರೆ ಮಾತ್ರ ಜರಿದಿಲ್ಲ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿಗೆ ಲಾವಂಚ ಬೆಳೆಸಿಕೊಂಡು ಬಂದದ್ದು ಬಹಳ ಹಿಂದಿನಿಂದ. ಬೇರಿನ ಬಲ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲೆಕ್ಕ ಹಾಕಿ ನೋಡಿ

30 ಮೀಟರ್ ಉದ್ದ, ಇಳಿಜಾರಿನ ಮೇಲೆ 3 ಮೀಟರ್ ಅಳತೆಯ ಬರೆ ಎಂದಿಟ್ಟುಕೊಳ್ಳಿ. 90 ಚದರ ಮೀಟರ್ ಆಯಿತು. ಹೂಳುವ ತುದಿ, ಒಂದರ ಮೇಲೊಂದು ಬರುವ ಅಂಚು ಸೇರಿ 105ರಿಂದ 110 ಬೇಕಾದೀತು. 700 ಗ್ರಾಮಿನದ್ದಾದರೆ ಒಟ್ಟು ತೂಕ 75 ಕಿಲೋ ಆಸುಪಾಸು. ಇಬ್ಬರು ಹೊತ್ತು ತರಬಹುದು.

ಅದೇ ಜಾಗಕ್ಕೆ ಎರಡೂವರೆ ಮೀಟರ್ ಎತ್ತರದ, ಸರಾಸರಿ 80 ಸೆಂಟಿಮೀಟರ್ ದಪ್ಪದ ಕಲ್ಲುಗೋಡೆ ಎಂದರೆ 60 ಘನ ಮೀಟರ್. ಒಂದಕ್ಕೆ ಆರರ ಗಾರೆಯಲ್ಲಿ ಘನ ಮೀಟರಿಗೆ ಒಂದೂವರೆ ಚೀಲಕ್ಕೂ ಮೇಲೆ ಸಿಮೆಂಟ್ ಹಿಡಿಯುತ್ತದೆ. ಒಟ್ಟು 95 ಚೀಲದ ಹತ್ತಿರ. ಕಲ್ಲು, ಮರಳು, ಲಾರಿ, ಮೇಸ್ತ್ರಿ ಬೇರೆ. ನಿಮ್ಮೂರಿನ ದರ ಹಾಕಿ ಗುಣಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಹಣದ ಲೆಕ್ಕದ ಪಕ್ಕದಲ್ಲಿ ಹೊಗೆಯ ಲೆಕ್ಕವೂ ಇದೆ. ಸಿಮೆಂಟ್ ಎಂದರೆ ಸುಟ್ಟ ಸುಣ್ಣಕಲ್ಲು. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಗೂಡನ್ನು 1450 ಡಿಗ್ರಿಯವರೆಗೆ ಕಾಯಿಸುವ ಕಲ್ಲಿದ್ದಲಿನ ಹೊಗೆ ಅದರ ಮೇಲೆ. ಚೀಲಕ್ಕೆ 30 ಕಿಲೋ ಎಂದು ಹಿಡಿದರೂ 95 ಚೀಲಕ್ಕೆ ಮೂರು ಟನ್ ಹತ್ತಿರ ಬರುತ್ತದೆ. ಮಳೆ ಹದ ತಪ್ಪಿದೆ ಎಂದು ಗೊಣಗುವ ನಮಗೆ ಈ ಲೆಕ್ಕ ಸಂಬಂಧವಿಲ್ಲದ್ದಲ್ಲ.

ಸಿಮೆಂಟ್ ಬೇಕಾದಲ್ಲಿ

ಮನೆ, ಟ್ಯಾಂಕಿ, ಅಂಗಳಕ್ಕೆ ಸಿಮೆಂಟ್ ಬೇಕು. ಅಲ್ಲೂ ಆಯ್ಕೆ ಇದೆ. ಪಿಪಿಸಿ ಚೀಲದಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿ ಇರುತ್ತದೆ. ಸ್ಲ್ಯಾಗ್ ಸಿಮೆಂಟಿನಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟ ಇನ್ನೂ ಹೆಚ್ಚು. ಸುಟ್ಟ ಸುಣ್ಣಕಲ್ಲಿನ ಪಾಲು ಅಷ್ಟು ಕಮ್ಮಿ. ಒಂದೇ ನಿಯಮ, ನೀರುಣಿಸುವುದನ್ನು ಹತ್ತು ದಿನಕ್ಕಿಂತ ಮೊದಲು ನಿಲ್ಲಿಸಬೇಡಿ. ಸುಟ್ಟ ಜೇಡಿ ಮತ್ತು ಸುಣ್ಣಕಲ್ಲಿನ ಪುಡಿ ಸೇರಿಸಿದ ಎಲ್‌ಸಿ3 ಎಂಬ ಸಿಮೆಂಟಿಗೂ 2023ರಲ್ಲಿ ಐಎಸ್ 18189 ಎಂಬ ಮಾನಕ ಬಂತು.

ಗೋಡೆಗೆ ಕರಾವಳಿಯಲ್ಲಿ ಮುರಕಲ್ಲು ಇದ್ದೇ ಇದೆ. ಕಡಿದರಾಯಿತು, ಸುಡಬೇಕಾಗಿಲ್ಲ. ಬಯಲುಸೀಮೆಯವರಿಗೆ ಒತ್ತಿದ ಮಣ್ಣಿನ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ತಂಡ ಇದರ ಮೇಲೆ ಬಹಳ ಕೆಲಸ ಮಾಡಿದೆ. ನೂರಕ್ಕೆ 6ರಿಂದ 8 ಪಾಲು ಸಿಮೆಂಟ್ ಬೆರೆಸಿ ಒತ್ತಿದರೆ ಸಾಕು, ಗೂಡಿಗೆ ಸೌದೆ ಬೇಡ.

ತೋಟದ ರಸ್ತೆಗೆ

ಜಲ್ಲಿ ಎಷ್ಟು ಸುರಿದರೂ ನುಂಗುವ ರಸ್ತೆ ನಿಮ್ಮಲ್ಲೂ ಇರಬಹುದು. ಗಾಲಿಯ ಭಾರಕ್ಕೆ ಕಲ್ಲು ಕೆಸರಿಗೆ ಇಳಿಯುತ್ತದೆ, ಕೆಸರು ಕಲ್ಲಿನ ಸಂದಿಗೆ ಏರುತ್ತದೆ. ನಡುವೆ ಬಟ್ಟೆ ಇದ್ದರೆ ಇದು ನಿಲ್ಲುತ್ತದೆ. ನಾರು ಕೊಳೆಯುವ ಹೊತ್ತಿಗೆ ಅಡಿಮಣ್ಣು ನೀರು ಬಸಿದು ಗಟ್ಟಿಯಾಗಿರಬೇಕು ಎಂಬುದು ತತ್ವ. ವರ್ಷವಿಡೀ ಒಸರು ಇರುವ ಜಾಗಕ್ಕೆ ಇದು ಸಾಲದು, ಅಲ್ಲಿ ಪಾಲಿಪ್ರೊಪಿಲೀನೇ ಬೇಕು.

2020ರಲ್ಲಿ ಕೇಂದ್ರ ಸರ್ಕಾರ ಗ್ರಾಮ ಸಡಕ್ ಯೋಜನೆಯ ಮೂರನೇ ಹಂತದಲ್ಲಿ ನಾರಿನ ಭೂವಸ್ತ್ರ ಬಳಸಲು ತೀರ್ಮಾನಿಸಿತು. ಏಳು ರಾಜ್ಯಗಳಿಗೆ 1674 ಕಿಲೋಮೀಟರ್ ಗುರುತಿಸಿದರು. ಒಡಿಶಾಕ್ಕೆ 470, ತಮಿಳುನಾಡಿಗೆ 369, ಕೇರಳಕ್ಕೆ 71. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರಿರಲಿಲ್ಲ. ತುಮಕೂರು, ಹಾಸನದಷ್ಟು ತೆಂಗು ಇಟ್ಟುಕೊಂಡ ರಾಜ್ಯ ನಮ್ಮದು! ಕೇರಳದ ಪಂಚಾಯತುಗಳು ಉದ್ಯೋಗ ಖಾತ್ರಿಯ ಕೆಲಸದಲ್ಲಿ ತೋಡು, ಕೆರೆಗಳ ದಂಡೆಗೆ ಇದನ್ನು ಹಾಸಿ ತೋರಿಸಿವೆ. ಅಲ್ಲಿ ಕೂಲಿಯೂ ಊರಲ್ಲೇ ಉಳಿಯಿತು, ನಾರಿನ ದುಡ್ಡೂ ತೆಂಗಿನವರ ಕಡೆಗೇ ಹೋಯಿತು.

ಎಲ್ಲಿ ಬೇಡ

ಒಂದು ಎಚ್ಚರಿಕೆ. ನಾರಿನ ಜಾಲ ಕಾಯುವುದು ಮೇಲ್ಮಣ್ಣನ್ನು. 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ವಯನಾಡಿನಲ್ಲಿ ಆದಂತೆ ಗುಡ್ಡವೇ ಆಳದಿಂದ ಕಳಚಿ ಬರುವಾಗ ಯಾವ ಜಾಲವೂ ನಿಲ್ಲಿಸದು. ಗುಡ್ಡದ ನೆತ್ತಿಯಲ್ಲಿ ಬಿರುಕು ಕಂಡರೆ, ಹೊಸ ಒಸರು ಎದ್ದರೆ, ಮರ ವಾಲಿದರೆ ಜಾಲದ ಮಾತು ಬಿಟ್ಟು ಜಾಗ ಬಿಡಿ, ತಿಳಿದವರನ್ನು ಕರೆಸಿ. ಮನೆಯ ಹಿಂದಿನ ನೆಟ್ಟಗಿನ ಎತ್ತರದ ಧರೆಗೂ ಇದೊಂದನ್ನೇ ನಂಬಬೇಡಿ.

ಮಾಲು ಬೇಕಾದವರು ಕಾಯರ್ ಬೋರ್ಡಿನ ಬೆಂಗಳೂರು ಕಚೇರಿಯಲ್ಲಿ ವಿಚಾರಿಸಬಹುದು. ಒಬ್ಬೊಬ್ಬರೇ ತರಿಸಿದರೆ ಸಾಗಣೆ ದುಬಾರಿ. ತೋಡಿನ ಎರಡೂ ಬದಿಯ ನಾಲ್ಕೈದು ಮನೆಯವರು ಸೇರಿದರೆ ಒಂದು ಪಿಕಪ್ ಸಾಕು. ಮುಂದಿನ ಗ್ರಾಮಸಭೆಯಲ್ಲಿ ತೋಡಿನ ಕಾಮಗಾರಿಯ ಮಾತು ಬಂದಾಗ ಎದ್ದು ನಿಂತು ಕೇಳಿ: "ಎಸ್ಟಿಮೇಟಿನಲ್ಲಿ ಭೂವಸ್ತ್ರ ಯಾಕಿಲ್ಲ?" ಮಾನಕದ ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಂಬರ್ ಇದ್ದರೆ "ಅಂಥದ್ದು ಇಲ್ಲ" ಎಂದು ಯಾರೂ ಹೇಳಲಾರರು.