ಚೌಕಿಯಿಂದ ಕೇಳುವ ಅಬ್ಬರ

ಹೊನ್ನಾವರ, ಕುಮಟಾ ಕಡೆಯ ಯಕ್ಷಗಾನದ ಆಟದಲ್ಲಿ ಕೆಲವು ರಾಕ್ಷಸ ವೇಷಗಳು ರಂಗಸ್ಥಳಕ್ಕೆ ಬರುವ ಮೊದಲೇ ಅವುಗಳ ಅಬ್ಬರ ಚೌಕಿಯಿಂದ, ಅಂದರೆ ವೇಷ ಕಟ್ಟುವ ಕೋಣೆಯ ಒಳಗಿನಿಂದ, ಕೇಳುತ್ತದೆ. ಕೂಗಿದವನು ಕಾಣುವುದಿಲ್ಲ. ಆದರೆ ಚಂಡೆ ಏರುತ್ತದೆ, ಮುಂದೆ ಕೂತ ಮಕ್ಕಳು ಅಜ್ಜಿಯ ಮಡಿಲಿಗೆ ಸರಿಯುತ್ತವೆ. ಯಾರು ಏನು ಮಾಡಬೇಕೆಂದು ಒಳಗಿದ್ದವನು ಹೇಳಲಿಲ್ಲ, ಕೂಗಿದ, ಅಷ್ಟೆ. ವೆಬ್ ಪುಟದ ಕಸ್ಟಮ್ ಎಲಿಮೆಂಟ್ ಕಂಡಾಗಲೆಲ್ಲ ನನಗೆ ಈ ಅಬ್ಬರದ್ದೇ ನೆನಪು.

ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗುವವರಿಗಾಗಿ ಒಂದು ಬುಕಿಂಗ್ ಪುಟ ಮಾಡುತ್ತೇವೆ ಎಂದಿಟ್ಟುಕೊಳ್ಳಿ. ಮಳೆಗಾಲದ ಕಡಲಿಗೆ ದೋಣಿ ಇಳಿಯುವುದಿಲ್ಲ. ಮಾಮೂಲಿ ತಾರೀಖಿನ ಪೆಟ್ಟಿಗೆಗೆ ಇದೆಲ್ಲಿ ಗೊತ್ತು? ಹಾಗಾಗಿ ‘ದೋಣಿ-ದಿನ’ ಎಂಬ ನಮ್ಮದೇ ಟ್ಯಾಗ್, ಅಂದರೆ ಒಂದು ಕಸ್ಟಮ್ ಎಲಿಮೆಂಟ್, ಕಟ್ಟುತ್ತೇವೆ. ಹೆಸರಿನ ನಡುವಿನ ಆ ಅಡ್ಡಗೆರೆ ಕಡ್ಡಾಯ. ಬ್ರೌಸರ್‌ನ ಸ್ವಂತ ಟ್ಯಾಗುಗಳ ಜೊತೆ ನಮ್ಮದು ಎಂದೂ ಗೊಂದಲವಾಗಬಾರದಲ್ಲ.

ಯಾರೋ ದಿನ ಆರಿಸಿದರು. ಎಲಿಮೆಂಟ್ ‘ದಿನ-ಆಯ್ಕೆ’ ಎಂದು ಕೂಗಬೇಕು. ಅದಕ್ಕಿರುವುದು ಕಸ್ಟಮ್‌ಇವೆಂಟ್. ಅದರ ‘ಡಿಟೇಲ್’ ಎಂಬ ಜೇಬಿನಲ್ಲಿ ತಾರೀಖು, ಜನರ ಲೆಕ್ಕ ಎಲ್ಲ ಇಟ್ಟು ಕಳಿಸಬಹುದು. ಹೊಸಬರು ಎಡವುವುದು ಇಲ್ಲೇ. ನಾವಾಗಿ ಹೇಳದಿದ್ದರೆ ಈ ಕೂಗು ಹುಟ್ಟಿದಲ್ಲೇ ಅಡಗುತ್ತದೆ. ‘ಬಬಲ್ಸ್’ ಎಂಬುದನ್ನು ಹೌದು ಎಂದರೆ ಮಾತ್ರ ತಾಯಿ ಎಲಿಮೆಂಟುಗಳತ್ತ ಏರುತ್ತದೆ. ಶ್ಯಾಡೋ ಡಾಮ್ ಎಂಬ ಚೌಕಿಯ ಒಳಗೆ ಹುಟ್ಟಿದ ಕೂಗಾದರೆ ಅದೂ ಸಾಲದು, ‘ಕಂಪೋಸ್ಡ್’ ಕೂಡ ಹೌದಾಗಬೇಕು. ಆಮೇಲೂ ಒಂದು ಮರ್ಯಾದೆ ಉಳಿದಿದೆ: ಹೊರಗಿದ್ದವರಿಗೆ ಕಾಣುವುದು ‘ದೋಣಿ-ದಿನ’ವೇ ಹೊರತು, ಒಳಗೆ ಒತ್ತಿದ ಪುಟ್ಟ ಗುಂಡಿಯಲ್ಲ. ಚೌಕಿಯ ಗುಟ್ಟು ಚೌಕಿಯಲ್ಲೇ. ಇದನ್ನು ಯೋಚಿಸಿದವರ ಜಾಣ್ಮೆಗೆ ನಾನಂತೂ ಮಾರುಹೋಗಿದ್ದೇನೆ.

ಇನ್ನು ಕೇಳುವವರ ಕಡೆ. ಪುಟ ಕಟ್ಟುವ ಫ್ರೇಮ್‌ವರ್ಕುಗಳಲ್ಲಿ ವ್ಯೂ, ಆಂಗ್ಯುಲರ್ ಎರಡೂ ಯಾವ ಹೆಸರು ಕೊಟ್ಟರೂ ಕಿವಿಗೊಡುತ್ತವೆ. ರಿಯಾಕ್ಟ್ ಬಹುಕಾಲ ಹಾಗಿರಲಿಲ್ಲ. ಕ್ಲಿಕ್, ಚೇಂಜ್ ಮುಂತಾದ ಗುರುತಿನ ಹೆಸರುಗಳ ಪಟ್ಟಿ ಹಿಡಿದು ಬಾಗಿಲಲ್ಲಿ ಕೂತಿತ್ತು. ಪಟ್ಟಿಯಲ್ಲಿಲ್ಲದ ಕೂಗು ಕಿವಿಗೇ ಬೀಳುತ್ತಿರಲಿಲ್ಲ. ರೆಫ್ ಮೂಲಕ ಎಲಿಮೆಂಟನ್ನು ಹಿಡಿದು, ಯೂಸ್‌ಎಫೆಕ್ಟ್ ಒಳಗೆ ಕೈಯಾರೆ ಲಿಸನರ್ ಸೇರಿಸಬೇಕಿತ್ತು, ಹೋಗುವಾಗ ತೆಗೆಯಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಬಂದ ರಿಯಾಕ್ಟ್ 19ರಲ್ಲಿ ಈ ಕಟ್ಟು ಸಡಿಲವಾಯಿತು. ಈಗ ‘ಆನ್’ ಎಂದು ಬರೆದು ಅದಕ್ಕೆ ಅಂಟಿಸಿ ಇವೆಂಟಿನ ಹೆಸರು ಬರೆದರಾಯಿತು. ಇಂಗ್ಲಿಷ್ ಅಕ್ಷರದ ದೊಡ್ಡದು ಚಿಕ್ಕದು ಮಾತ್ರ ಇದ್ದಂತೆಯೇ ಇರಬೇಕು. ಕ್ಲಿಕ್‌ಗೆ ಬರೆದು ರೂಢಿಯಾದ ಕೈ ಇಲ್ಲಿ ತಾನಾಗಿಯೇ ದೊಡ್ಡ ಅಕ್ಷರ ಒತ್ತಿಬಿಡುತ್ತದೆ.

ಲಿಸನರ್ ತೆಗೆಯುವುದನ್ನು ಮರೆತರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಹಳೆಯ ಪದ್ಧತಿಯಲ್ಲಿ ಬರೆದ ಇಂಥದ್ದೇ ಕ್ಯಾಲೆಂಡರಿನಲ್ಲಿ, ತಿಂಗಳು ಬದಲಿಸಿದಾಗಲೆಲ್ಲ ಪುಟ ಮತ್ತೆ ರೆಂಡರ್ ಆಗಿ ಹೊಸ ಲಿಸನರ್ ಸೇರುತ್ತಿತ್ತು, ಹಳೆಯದು ಕೂತಲ್ಲೇ ಇರುತ್ತಿತ್ತು. ಅದೇ ಫಂಕ್ಷನ್ನನ್ನೇ ಮತ್ತೆ ಕೊಟ್ಟಿದ್ದರೆ ಬ್ರೌಸರ್ ಎರಡನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಪ್ರತಿ ಸಲವೂ ಹೊಸ ಫಂಕ್ಷನ್ ಹುಟ್ಟಿಸಿದ್ದೆ. ಮೂರು ತಿಂಗಳು ಮುಂದೆ ಹೋಗಿ ಒಂದು ದಿನ ಒತ್ತಿದೆ. ನಾಲ್ಕು ಬುಕಿಂಗ್ ಆದವು.